ತುಂಬಿಸದೆ ಬಿಟ್ಟ ಪೀಪಾಯಿ

ಕೇಳುಗರಿಗೆ ನಮಸ್ಕಾರ.

ಅಡುಗೆಮನೆಯಲ್ಲೇ ಕೂತು ರೇಡಿಯೋ ಕೇಳುತ್ತಿದ್ದರೆ, ಮೆಂತ್ಯದ ಡಬ್ಬಿಯ ಮುಚ್ಚಳ ತೆಗೆದು ಒಮ್ಮೆ ಮೂಸಿ ನೋಡಿ. ಆ ಘಮಕ್ಕೆ ಕಾರಣವಾದ ವಸ್ತುವಿಗೆ ಸೊಟೊಲಾನ್ ಅಂತ ಹೆಸರು. ಫ್ರಾನ್ಸಿನ ಪೂರ್ವದಂಚಿನ ಬೆಟ್ಟಸೀಮೆಯೊಂದರ ವೈನಿನಲ್ಲೂ ಅದೇ ಇದೆ. ಅಲ್ಲಿಯವರು ಆ ವೈನಿನ ವಾಸನೆ ಹೇಳುವಾಗ ಮೊದಲು ಅಕ್ರೋಟು ಅನ್ನುತ್ತಾರೆ, ಆಮೇಲೆ ಕರ್ರಿ ಅನ್ನುತ್ತಾರೆ. ನಮ್ಮ ಮೂಗಿಗೆ ಅದು ಸುಮ್ನೆ ಮೆಂತ್ಯ.

ಆ ಸೀಮೆಯ ಹೆಸರು ಜುರಾ. ಎಲ್ಲೋ ಕೇಳಿದ ಹಾಗಿದೆ, ಅಲ್ವಾ? ಡೈನೋಸಾರ್‌ಗಳ ಕಾಲಕ್ಕೆ ಜುರಾಸಿಕ್ ಅನ್ನುವ ಹೆಸರು ಬಂದದ್ದೇ ಈ ಬೆಟ್ಟಗಳಿಂದ. ಒಂದು ಕಾಲಕ್ಕೆ ಇದೆಲ್ಲ ಕಡಲ ತಳ. ಆ ತಳವೇ ಇವತ್ತು ಸುಣ್ಣಕಲ್ಲು, ಜೇಡಿಮಣ್ಣು. ಎಟ್ವಾಲ್ ಅಂತ ಒಂದು ಹಳ್ಳಿಯಿದೆ. ಎಟ್ವಾಲ್ ಅಂದರೆ ನಕ್ಷತ್ರ. ಅಲ್ಲಿನ ದ್ರಾಕ್ಷಿ ತೋಟದ ಮಣ್ಣಿನಲ್ಲಿ ಉಗುರಿಗಿಂತ ಚಿಕ್ಕ, ಐದು ಮೂಲೆಯ ಕಲ್ಲುಗಳು ಸಿಗುತ್ತವೆ. ರಂಗೋಲಿಯ ನಕ್ಷತ್ರವನ್ನು ಯಾರೋ ಕಲ್ಲಿನಲ್ಲಿ ಕೊರೆದ ಹಾಗೆ. ನಿಜವಾಗಿ ಅವು ಕಡಲಜೀವಿಯ ಕಾಂಡದ ತುಣುಕುಗಳು. ನಮ್ಮ ದೇವರಮನೆಯ ಸಾಲಿಗ್ರಾಮದ ಚಕ್ರವೂ ಹಳೆಯ ಕಡಲಜೀವಿಯದ್ದೇ ಅಚ್ಚು. ಅದು ನೇಪಾಳದ ಗಂಡಕಿಯಲ್ಲಿ ಸಿಕ್ಕಿದ್ದು, ಅಷ್ಟೇ ವ್ಯತ್ಯಾಸ.

ಪಶ್ಚಿಮಕ್ಕೆ ಬರ್ಗಂಡಿ, ಪೂರ್ವಕ್ಕೆ ಸ್ವಿಟ್ಜರ್ಲೆಂಡ್. ನಡುವಿನ ಬೆಟ್ಟಗಳ ಪಶ್ಚಿಮದ ಇಳಿಜಾರಿನಲ್ಲಿ ಸುಮಾರು 80 ಕಿಲೋಮೀಟರ್ ಉದ್ದಕ್ಕೆ ದ್ರಾಕ್ಷಿ ಬೆಳೆಯುತ್ತಾರೆ. ಈಗ ಇರುವುದು ಹೆಚ್ಚುಕಡಿಮೆ 2,000 ಹೆಕ್ಟೇರ್. 19ನೇ ಶತಮಾನದಲ್ಲಿ ಇದರ ಹತ್ತು ಪಟ್ಟು ಇತ್ತು. ಅಮೆರಿಕದಿಂದ ಬಂದ ಫಿಲಾಕ್ಸೆರಾ ಅನ್ನುವ ಹೇನು ಬೇರು ತಿಂದು ತೋಟಕ್ಕೆ ತೋಟವನ್ನೇ ಒಣಗಿಸಿತು. ಅಮೆರಿಕದ ಬೇರಿಗೇ ಕಸಿ ಕಟ್ಟಿ ಬಳ್ಳಿ ಉಳಿಸಿಕೊಂಡರು. ಆದರೆ ಕಳೆದುಹೋದ ನೆಲವೆಲ್ಲ ವಾಪಸ್ ಬರಲಿಲ್ಲ.

ಈಗ ಆ ಮೆಂತ್ಯದ ವೈನಿಗೆ ಬರೋಣ. ಹೆಸರು ವ್ಯಾನ್ ಜೋನ್, ಅಂದರೆ ಹಳದಿ ವೈನ್. ಸವನ್ಯಾನ್ ಅನ್ನುವ ಬಿಳಿ ದ್ರಾಕ್ಷಿಯಿಂದ ಮಾಡುತ್ತಾರೆ. ಸಾಮಾನ್ಯವಾಗಿ ಪೀಪಾಯಿಯಲ್ಲಿ ವೈನ್ ಆವಿಯಾಗಿ ಕಡಿಮೆಯಾದರೆ ತಕ್ಷಣ ತುಂಬಿಸಬೇಕು. ಗಾಳಿ ಸೇರಿದರೆ ಕೆಟ್ಟಿತು. ಇಲ್ಲಿ ಉಲ್ಟಾ. ಬೇಕಂತಲೇ ತುಂಬಿಸುವುದಿಲ್ಲ. ಖಾಲಿ ಜಾಗದಲ್ಲಿ ವೈನಿನ ಮೇಲೆ ಯೀಸ್ಟಿನ ತೆಳುವಾದ ಪದರ ಕಟ್ಟುತ್ತದೆ, ಆರಿದ ಹಾಲಿನ ಮೇಲೆ ಕೆನೆ ಕಟ್ಟುವ ಹಾಗೆ. ಅಲ್ಲಿಯವರು ಅದಕ್ಕೆ 'ವ್ವಾಲ್' ಅನ್ನುತ್ತಾರೆ, ಮುಸುಕು ಅಂತ ಅರ್ಥ. ಆ ಮುಸುಕಿನ ಕೆಳಗೆ ವೈನ್ ವರ್ಷಗಟ್ಟಲೆ ಸುಮ್ನೆ ಇರಬೇಕು. ಕೊಯ್ಲಾಗಿ ಆರು ವರ್ಷ ಕಳೆದು ಏಳನೆಯದು ಶುರುವಾದ ಮೇಲೇ ಮಾರಾಟ. ಅಷ್ಟರಲ್ಲಿ ಒಂದು ಲೀಟರ್ ಹೋಗಿ 620 ಮಿಲಿಲೀಟರ್ ಉಳಿದಿರುತ್ತದೆ ಅಂತ ಲೆಕ್ಕ. ಅದಕ್ಕೇ ಇದರ ಗಿಡ್ಡ ಬಾಟಲಿ ಕ್ಲಾವಲ್ಯಾನ್ ಹಿಡಿಯುವುದೂ ಅಷ್ಟೇ, 620. ವ್ಯಾಪಾರಕ್ಕೆ ಇದು ಹುಚ್ಚುತನ ಅಂತ ನನಗನ್ನಿಸುತ್ತದೆ. ಆದರೆ 1774ರಲ್ಲಿ ಮಾಡಿದ ಒಂದು ಬಾಟಲಿ 2018ರ ಹರಾಜಿನಲ್ಲಿ ಒಂದು ಲಕ್ಷ ಯೂರೋಗಿಂತ ಜಾಸ್ತಿಗೆ ಹೋಯಿತು!

ಎಲ್ಲ ಪೀಪಾಯಿಯೂ ಗೆಲ್ಲುವುದಿಲ್ಲ. ಕೆಲವು ವಿನೆಗರ್ ಆಗಿಬಿಡುತ್ತವೆ. ಯಾಕೆ ಅಂತ ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಿದವರು ಇದೇ ಸೀಮೆಯ ಹುಡುಗ, ಲೂಯಿ ಪಾಶ್ಚರ್. ಹುಟ್ಟಿದ್ದು 1822ರಲ್ಲಿ ದೋಲ್ ಪಟ್ಟಣದಲ್ಲಿ, ಬೆಳೆದದ್ದು ಆರ್ಬ್ವಾದಲ್ಲಿ. ಅಪ್ಪ ಚರ್ಮ ಹದ ಮಾಡುವವರು. ಫ್ರಾನ್ಸಿನ ವೈನ್ ಯಾಕೆ ಕೆಡುತ್ತದೆ ನೋಡಿ ಅಂತ ಚಕ್ರವರ್ತಿ ಮೂರನೇ ನೆಪೋಲಿಯನ್ನನೇ ಕೇಳಿಕೊಂಡಾಗ ಪಾಶ್ಚರ್ ಬಂದದ್ದು ಆರ್ಬ್ವಾಕ್ಕೇ. ವೈನ್ ಮೇಲೆ ಕಟ್ಟುವ ಎರಡು ಬಗೆಯ ಪದರಗಳನ್ನು ಬೇರೆ ಮಾಡಿ ತೋರಿಸಿದರು. ಒಂದು ಹುಳಿ ಬರಿಸುತ್ತದೆ, ಇನ್ನೊಂದು ಬರಿಸುವುದಿಲ್ಲ. ನಾವು ಪ್ಯಾಕೆಟ್ ಮೇಲೆ ಪಾಶ್ಚರೀಕರಿಸಿದ ಹಾಲು ಅಂತ ಓದುತ್ತೇವಲ್ಲ, ಆ ವಿಧಾನವೂ ವೈನಿನ ಕೆಲಸದಿಂದಲೇ ಹುಟ್ಟಿದ್ದು. ಹೊಳೆ ಪಕ್ಕದ ಅವರ ಮನೆ ಈಗ ಮ್ಯೂಸಿಯಂ.

ಶಾತೊ ಶಾಲೋನ್ ಅನ್ನುವ ಹಳ್ಳಿ ಬಂಡೆಯ ತುದಿಯಲ್ಲಿ ಕೂತಿದೆ. ಹಳದಿ ವೈನಿಗೆ ಅದೇ ತವರು. ಅಲ್ಲಿಯವರ ಹಟ ನೋಡಿ: ಬೆಳೆ ಚೆನ್ನಾಗಿಲ್ಲ ಅನಿಸಿದರೆ ಆ ವರ್ಷ ಊರಿನ ಹೆಸರಲ್ಲಿ ವೈನೇ ಬೇಡ ಅಂತ ತೀರ್ಮಾನಿಸುತ್ತಾರೆ. 1974, 1980, 1984, 2001ರಲ್ಲಿ ಹಾಗೇ ಆಯಿತು.

ಜುರಾಕ್ಕೆ ಮೊದಲು ದುಡ್ಡು ತಂದದ್ದು ಮಾತ್ರ ವೈನಲ್ಲ, ಉಪ್ಪು. ಸಾಲ್ಯಾನ್ ಊರಿನಲ್ಲಿ ನೆಲದಡಿಯ ಉಪ್ಪುನೀರನ್ನು ಎತ್ತಿ ಕುದಿಸುತ್ತಿದ್ದರು. ಕುದಿಸಿ ಕುದಿಸಿ ಸುತ್ತಲಿನ ಕಾಡು ಖಾಲಿಯಾಯಿತು. ಸೌದೆಯನ್ನು ಬೆಟ್ಟಕ್ಕೆ ಹೊರುವ ಬದಲು ನೀರನ್ನೇ ಕಾಡಿನ ಹತ್ತಿರ ಕಳಿಸಿದರು. 21 ಕಿಲೋಮೀಟರ್ ಉದ್ದಕ್ಕೆ ಮರದ ದಿಮ್ಮಿ ಕೊರೆದು ಪೈಪು! ಆ ಪೈಪು ಮುಟ್ಟಿದ ಕಡೆ, ಆರ್ಕ್ ಎ ಸನಾನ್‌ನಲ್ಲಿ, ವಾಸ್ತುಶಿಲ್ಪಿ ಲದು 1775ರಿಂದ 1779ರೊಳಗೆ ಅರ್ಧಚಂದ್ರಾಕಾರದ ಉಪ್ಪಿನ ಕಾರ್ಖಾನೆ ಕಟ್ಟಿಸಿದ. ಅರಮನೆ ಅಂದುಕೊಳ್ಳಬೇಕು, ಹಾಗಿದೆ. ಯುನೆಸ್ಕೋ ಪಟ್ಟಿಯಲ್ಲೂ ಇದೆ.

ಹೋಗುವುದಾದರೆ ಬೋಮ್ ಲೆ ಮೆಸ್ಯೂ ಅನ್ನುವ ಹಳ್ಳಿ ತಪ್ಪಿಸಬೇಡಿ. ಮೂರು ಕಡೆ ಕಡಿದಾದ ಬಂಡೆ, ತಳದಲ್ಲಿ ಹಳೆಯ ಮಠ, ಪಾಚಿ ಹಿಡಿದ ಜಲಪಾತ. ಜೊತೆಗೆ ಕೋಂತೆ ಚೀಸ್ ತಿನ್ನಿ. ಹಳ್ಳಿಯವರು ನಮ್ಮ ಹಾಲಿನ ಸೊಸೈಟಿ ಥರ ಹಾಲು ಒಟ್ಟು ಮಾಡಿ ಕಾಯಿಸುತ್ತಾರೆ. ಗಾಲಿಯಾಕಾರದ, 40 ಕಿಲೋ ತೂಗುವ ಒಂದು ಚೀಸಿಗೆ ಸುಮಾರು 400 ಲೀಟರ್ ಹಾಲು ಬೇಕು.

ಕಾಲ ಯಾವುದು? ನನ್ನನ್ನು ಕೇಳಿದರೆ ಸೆಪ್ಟೆಂಬರ್ ಮೊದಲ ಭಾನುವಾರ. ಅವತ್ತು ಆರ್ಬ್ವಾದಲ್ಲಿ ಬಿಯು ಹಬ್ಬ. ಮೊದಲು ಹಣ್ಣಾದ ಗೊಂಚಲುಗಳನ್ನೆಲ್ಲ ಕಟ್ಟಿ ಒಂದೇ ದೊಡ್ಡ ಗೊಂಚಲು ಮಾಡುತ್ತಾರೆ. ಭಾರಕ್ಕೆ ನಾಲ್ಕು ಜನ ಹೆಗಲು ಕೊಡಬೇಕು. ಮುಂದೆ ಪಿಟೀಲು, ಹಿಂದೆ ಊರು. ಚರ್ಚಿಗೆ ಒಯ್ದು ಸಂತನಿಗೆ ಒಪ್ಪಿಸಿ ಅಲ್ಲೇ ಮೇಲಕ್ಕೆ ತೂಗುಹಾಕುತ್ತಾರೆ.

ನಮಸ್ಕಾರ.