ಕಷ್ಟದ ಪೇಪರ್ ಎಲ್ಲರಿಗೂ ಕಷ್ಟವೇ

ಕೇಳುಗರಿಗೆ ನಮಸ್ಕಾರ.

ವೈದ್ಯಕೀಯ ಸೀಟಿಗಾಗಿ ಬರೆಯುವ ನೀಟ್ ಪರೀಕ್ಷೆಗೆ ತಯಾರಾಗುತ್ತಿರುವ ಮಕ್ಕಳು, ಅವರ ಅಪ್ಪ-ಅಮ್ಮಂದಿರು ಇವತ್ತು ರೇಡಿಯೋ ಹತ್ತಿರ ಇದ್ದರೆ, ಈ ಮಾತು ಅವರಿಗಾಗಿಯೇ. ನಾನು 2025ರಲ್ಲಿ ನೀಟ್ ಬರೆದವಳು. ಈಗ ಒಂದು ಸರ್ಕಾರಿ ಕಾಲೇಜಿನಲ್ಲಿ ಎಂಬಿಬಿಎಸ್ ಓದುತ್ತಿದ್ದೇನೆ. ಹೇಗೆ ಓದಬೇಕು ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಹೇಳಬೇಕು ಅನ್ನಿಸಿದ್ದು ಪರೀಕ್ಷೆಯ ಆ ಮಧ್ಯಾಹ್ನದ ಬಗ್ಗೆ, ಆಮೇಲೆ ಫಲಿತಾಂಶಕ್ಕೆ ಕಾದ ದಿನಗಳ ಬಗ್ಗೆ. ಎರಡು ವರ್ಷ ಚೆನ್ನಾಗಿ ಓದಿದ ಮಕ್ಕಳೂ ಕುಸಿದು ಕೂರುವುದು ಅಲ್ಲೇ.

ನಮ್ಮದು ಹಿರೇಕೆರೂರು ಕಡೆಯ ಹಳ್ಳಿ. ಹತ್ತನೇ ತರಗತಿವರೆಗೆ ಓದಿದ್ದು ಊರಿನ ಕನ್ನಡ ಶಾಲೆಗಳಲ್ಲೇ. ಪಿಯುಸಿಗೆ ವಿಜ್ಞಾನ ತೆಗೆದುಕೊಂಡಾಗ ಎಲ್ಲವೂ ಇಂಗ್ಲಿಷ್ ಆಯಿತು. ಮೊದಲ ಮೂರು ತಿಂಗಳು ಬಯಾಲಜಿ ಪುಸ್ತಕದ ಒಂದು ಪುಟ ಮುಗಿಸೋಕೆ ಒಂದು ಸಂಜೆ ಬೇಕಾಗುತ್ತಿತ್ತು. ನೀಟ್ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲೂ ಸಿಗುತ್ತದೆ. ಆದರೆ ಎರಡು ವರ್ಷ ಇಂಗ್ಲಿಷಿನಲ್ಲಿ ಓದಿ, ಇಂಗ್ಲಿಷಿನಲ್ಲೇ ಮಾಕ್ ಟೆಸ್ಟ್, ಅಂದರೆ ಅಭ್ಯಾಸದ ಪರೀಕ್ಷೆ, ಬರೆದವರು ಕೊನೆಯ ದಿನ ಕನ್ನಡ ಪತ್ರಿಕೆ ಹಿಡಿಯುವುದು ಸುಲಭವಲ್ಲ. ನಾನೂ ಇಂಗ್ಲಿಷ್ ಪತ್ರಿಕೆಯನ್ನೇ ಆರಿಸಿಕೊಂಡೆ. ಪಿಯುಸಿ ವಿಜ್ಞಾನಕ್ಕೆ ಕನ್ನಡದಲ್ಲಿ ಒಳ್ಳೆಯ ಪುಸ್ತಕ, ಒಳ್ಳೆಯ ಪಾಠ ಸಿಗುವವರೆಗೆ ಕನ್ನಡ ಪತ್ರಿಕೆಯಿಂದ ಹಳ್ಳಿ ಮಕ್ಕಳಿಗೆ ಆಗುವ ಉಪಯೋಗ ಕಡಿಮೆಯೇ. ಈ ನೋವು ನನಗೆ ಈಗಲೂ ಇದೆ.

ಪರೀಕ್ಷೆಯ ಲೆಕ್ಕ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಒಟ್ಟು 180 ಪ್ರಶ್ನೆ, 720 ಅಂಕ. ಫಿಸಿಕ್ಸ್ 45, ಕೆಮಿಸ್ಟ್ರಿ 45, ಬಯಾಲಜಿ 90. ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಾದರೆ ಒಂದು ಅಂಕ ಕಳೆಯುತ್ತಾರೆ. 2021ರಿಂದ 2024ರವರೆಗೆ 200 ಪ್ರಶ್ನೆ ಕೊಟ್ಟು 180ಕ್ಕೆ ಉತ್ತರ ಬರೆಯಲು ಹೇಳುತ್ತಿದ್ದರು. 2022ರಿಂದ ಮೂರು ಗಂಟೆ ಇಪ್ಪತ್ತು ನಿಮಿಷ ಸಮಯ ಇತ್ತು. ನಮ್ಮ ವರ್ಷ ಜನವರಿಯಲ್ಲಿ ಪ್ರಕಟಣೆ ಬಂತು. ಆಯ್ಕೆ ಇಲ್ಲ, ಜಾಸ್ತಿ ಇಪ್ಪತ್ತು ನಿಮಿಷವೂ ಇಲ್ಲ. 180 ನಿಮಿಷದಲ್ಲಿ 180 ಪ್ರಶ್ನೆ. ಅಷ್ಟರೊಳಗೆ ಓಎಂಆರ್ ಅನ್ನುವ ಉತ್ತರದ ಹಾಳೆಯಲ್ಲಿ ಬಬಲ್, ಅಂದರೆ ಸಣ್ಣ ವೃತ್ತ, ತುಂಬುವುದೂ ಆಗಬೇಕು. ಹಳೇ ಲೆಕ್ಕಕ್ಕೆ ಕೈ ಪಳಗಿಸಿಕೊಂಡಿದ್ದ ನಾವೆಲ್ಲ ಗಡಿಯಾರ ಇಟ್ಟುಕೊಂಡು ಮತ್ತೆ ಶುರು ಮಾಡಿದೆವು.

ನನಗೆ ಸೆಂಟರ್ ಬಂದಿದ್ದು ದಾವಣಗೆರೆಯಲ್ಲಿ. ಪರೀಕ್ಷೆ ಮೇ 4, ಭಾನುವಾರ. ಹಿಂದಿನ ದಿನವೇ ಹೋಗಿ ನೆಂಟರ ಮನೆಯಲ್ಲಿ ಉಳಿಯೋಣ ಅಂತ ಅಪ್ಪ ಹಟ ಹಿಡಿದರು. ಅದಕ್ಕೆ ಕಾರಣ ಇತ್ತು. 2019ರ ಮೇ 5ರಂದು ಹುಬ್ಬಳ್ಳಿ ಕಡೆಯಿಂದ ಬೆಂಗಳೂರಿಗೆ ಹೊರಟಿದ್ದ ಹಂಪಿ ಎಕ್ಸ್‌ಪ್ರೆಸ್ ಗಂಟೆಗಟ್ಟಲೆ ತಡವಾಗಿತ್ತು. ಬೆಳಗ್ಗೆಯೇ ತಲುಪಬೇಕಿದ್ದ ರೈಲು ಮಧ್ಯಾಹ್ನ ಗೇಟ್ ಮುಚ್ಚಿದ ಮೇಲೆ ತಲುಪಿತು. ಅದರಲ್ಲಿ ನೀಟ್ ಬರೆಯಬೇಕಿದ್ದ ಉತ್ತರ ಕರ್ನಾಟಕದ ನೂರಾರು ಮಕ್ಕಳಿದ್ದರು. ಆಮೇಲೆ ಮೇ 20ಕ್ಕೆ ಅವರಿಗೆ ಮತ್ತೊಂದು ಅವಕಾಶ ಸಿಕ್ಕಿತು ನಿಜ. ಆದರೆ ಗಾಡಿಯಲ್ಲಿ ಕೂತು ಗಡಿಯಾರ ನೋಡುತ್ತಿದ್ದ ಆ ಮಕ್ಕಳ ಹೊಟ್ಟೆಯೊಳಗೆ ಏನಾಗಿರಬೇಕು, ಹೇಳಿ. ದೂರದ ಊರಲ್ಲಿ ಸೆಂಟರ್ ಬಂದವರು ಖರ್ಚಿನ ಮುಖ ನೋಡದೆ ಹಿಂದಿನ ದಿನವೇ ಹೊರಡಿ.

ಗೇಟಿನ ಹತ್ತಿರ ತಪಾಸಣೆ ಜೋರಾಗಿಯೇ ಇರುತ್ತದೆ. ತುಂಬು ತೋಳಿನ ಬಟ್ಟೆ, ಶೂ, ವಾಚು ಯಾವುದೂ ನಡೆಯುವುದಿಲ್ಲ. ಪೆನ್ನು ಅವರೇ ಕೊಡುತ್ತಾರೆ. ನನ್ನ ಮುಂದೆ ನಿಂತಿದ್ದ ಹುಡುಗಿಯ ಕಿವಿಯೋಲೆ ತಿರುಪು ಬಿಗಿಯಾಗಿ ಕೂತುಬಿಟ್ಟಿತ್ತು. ಎಷ್ಟು ತಿರುಗಿಸಿದರೂ ಬರಲಿಲ್ಲ. ಅವಳ ಕೈ ನಡುಗುತ್ತಿತ್ತು. ತಪಾಸಣೆಗೆ ನಿಂತಿದ್ದ ಅಕ್ಕ ಒಬ್ಬರು ಅವಳನ್ನು ಪಕ್ಕಕ್ಕೆ ಕರೆದು, "ಗಡಿಬಿಡಿ ಮಾಡ್ಕೋಬೇಡವ್ವ, ಇನ್ನೂ ಟೈಮ್ ಐತಿ" ಅಂತ ಕೈಗೆ ಸ್ವಲ್ಪ ಎಣ್ಣೆ ಹಚ್ಚಿಕೊಂಡು ನಿಧಾನಕ್ಕೆ ಬಿಚ್ಚಿಕೊಟ್ಟರು. ಕಾಂಪೌಂಡ್ ಆಚೆ ನಿಂತಿದ್ದ ಅವಳ ತಾಯಿ ಓಲೆ ಇಸಿದುಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡರು. ಆ ಅಕ್ಕನ ಹೆಸರು ಗೊತ್ತಿಲ್ಲ. ಇಂಥವರು ಪ್ರತಿ ಸೆಂಟರಿನಲ್ಲೂ ಇರಲಿ ಅಂತ ಮನಸಾರೆ ಬಯಸುತ್ತೇನೆ. ಒಡವೆ ಏನೇ ಇದ್ದರೂ ಮನೆಯಲ್ಲೇ ಬಿಚ್ಚಿಟ್ಟು ಬನ್ನಿ.

ಎರಡು ಗಂಟೆಗೆ ಬೆಲ್ ಆಯಿತು. ನಾನು ಬಯಾಲಜಿಯಿಂದ ಶುರು ಮಾಡಿದೆ. ಒಟ್ಟು ಅಂಕದ ಅರ್ಧ ಅಲ್ಲೇ ಇದೆ. ಬೇಗ ಮುಗಿದಷ್ಟೂ ಉಳಿದದ್ದಕ್ಕೆ ಸಮಯ. ಬಯಾಲಜಿ, ಕೆಮಿಸ್ಟ್ರಿ ಹೇಗೋ ಸಾಗಿತು. ಫಿಸಿಕ್ಸ್‌ಗೆ ಬಂದಾಗ ಕಾಲ ಕೆಳಗಿನ ನೆಲವೇ ಜಾರಿದ ಹಾಗಾಯಿತು. ಮೊದಲ ಪ್ರಶ್ನೆ ಓದಿದೆ, ದಾರಿ ಹೊಳೆಯಲಿಲ್ಲ. ಎರಡನೆಯದಕ್ಕೆ ದಾರಿ ಗೊತ್ತಿತ್ತು, ಆದರೆ ಲೆಕ್ಕ ಅರ್ಧ ಪುಟ ಓಡಿತು. ಮೂರನೆಯದೂ ಹಾಗೇ. ಹಾಲ್‌ನಲ್ಲಿ ಪುಟ ಹಿಂದೆ ಮುಂದೆ ತಿರುವುವ ಸದ್ದು ಜಾಸ್ತಿಯಾಯಿತು. ಪಕ್ಕದ ಸಾಲಿನ ಹುಡುಗ ಪೆನ್ನು ಕೆಳಗಿಟ್ಟು ಸುಮ್ನೆ ಗೋಡೆ ನೋಡುತ್ತಾ ಕೂತಿದ್ದ. ಹಣೆಯಿಂದ ಬೆವರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

ಆಗ ನನ್ನನ್ನು ಉಳಿಸಿದ್ದು ನಮ್ಮ ಫಿಸಿಕ್ಸ್ ಮೇಷ್ಟ್ರು ವರ್ಷವಿಡೀ ಹೇಳುತ್ತಿದ್ದ ಮಾತು. "ನಿನಗೆ ಕಷ್ಟ ಆದ ಪೇಪರ್ ರಾಯಚೂರಿನವನಿಗೂ ಕಷ್ಟ, ರಾಜಸ್ಥಾನದವನಿಗೂ ಕಷ್ಟ. ಬಿಡೋದು ಕಲಿ." ಹಾಗೇ ಮಾಡಿದೆ. ಪ್ರಶ್ನೆ ಓದಿ ಅರ್ಧ ನಿಮಿಷದಲ್ಲಿ ದಾರಿ ಕಾಣದಿದ್ದರೆ ಅದರ ಪಕ್ಕ ಗೆರೆ ಎಳೆದು ಮುಂದಕ್ಕೆ ಹೋದೆ. 45ರಲ್ಲಿ ನೇರವಾಗಿ ಬರುವಂಥವು ಕೆಲವು ಇದ್ದೇ ಇರುತ್ತವೆ. ಮೊದಲ ಮೂರರಲ್ಲೇ ಸಿಕ್ಕಿಕೊಂಡವರಿಗೆ ಅವು ಕಣ್ಣಿಗೆ ಬೀಳುವುದಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಹೇಳುತ್ತೇನೆ. ಏನೂ ಗೊತ್ತಿಲ್ಲದ ಹತ್ತು ಪ್ರಶ್ನೆಗೆ ಕಣ್ಣು ಮುಚ್ಚಿ ಬಬಲ್ ತುಂಬಿದರೆ ಎರಡೋ ಮೂರೋ ಸರಿ ಇರಬಹುದು. ಎಂಟರಿಂದ ಹನ್ನೆರಡು ಅಂಕ ಬಂತು ಅನ್ನಿ. ತಪ್ಪಾದ ಏಳೆಂಟಕ್ಕೆ ಏಳೆಂಟು ಅಂಕ ಹೋಯಿತು. ಕೈಗೆ ಉಳಿದದ್ದು ಹೆಚ್ಚೆಂದರೆ ಐದು ಅಂಕ, ಇಲ್ಲವೇ ಏನೂ ಇಲ್ಲ. ಅದೃಷ್ಟ ಕೈಕೊಟ್ಟರೆ ಗೊತ್ತಿದ್ದ ಪ್ರಶ್ನೆಯಿಂದ ಗಳಿಸಿದ್ದೂ ಕರಗುತ್ತದೆ. ಆದರೆ ನಾಲ್ಕು ಆಯ್ಕೆಯಲ್ಲಿ ಎರಡು ಖಂಡಿತ ತಪ್ಪು ಅಂತ ಗೊತ್ತಿದ್ದರೆ ಮಾತು ಬೇರೆ. ಅಂಥ ಹತ್ತರಲ್ಲಿ ಐದು ಸರಿ ಬಂದರೂ ಇಪ್ಪತ್ತು ಬಂದು ಐದು ಹೋಗಿ ಹದಿನೈದು ಉಳಿಯುತ್ತದೆ. ಹಾಗಾಗಿ ಎರಡು ಆಯ್ಕೆ ಹೊಡೆದು ಹಾಕಲು ಬಂದರೆ ಗುರುತು ಹಾಕಿ, ಇಲ್ಲದಿದ್ದರೆ ಖಾಲಿ ಬಿಡಿ. ಇದನ್ನು ಹಾಲ್‌ನಲ್ಲಿ ಕೂತು ಯೋಚಿಸಲು ಆಗುವುದಿಲ್ಲ. ಮಾಕ್ ಟೆಸ್ಟ್ ಬರೆಯುವಾಗಲೇ ರೂಢಿ ಮಾಡಿಕೊಳ್ಳಬೇಕು.

ಐದು ಗಂಟೆಗೆ ಹೊರಗೆ ಬಂದರೆ ಗೇಟಿನ ಮುಂದೆ ಅಳುವ ಮಕ್ಕಳೇ ಜಾಸ್ತಿ. ಅಪ್ಪ ನನ್ನ ಮುಖ ನೋಡಿದರು. "ಹೆಂಗಾತು" ಅಂತ ಕೇಳಲಿಲ್ಲ. "ಹಸಿವಾಗೇತೇನು, ನಡಿ ಊಟ ಮಾಡೂಣು" ಅಂದರು. ಊಟ ಮುಗಿಯುವವರೆಗೂ ಪರೀಕ್ಷೆಯ ಸುದ್ದಿ ಎತ್ತಲಿಲ್ಲ. ಅಪ್ಪ-ಅಮ್ಮಂದಿರನ್ನು ನಾನು ಕೈಮುಗಿದು ಕೇಳಿಕೊಳ್ಳುವುದು ಇಷ್ಟೇ. ಗೇಟಿನ ಹತ್ತಿರ ಅಂಕ ಕೇಳಬೇಡಿ. ಊರಿನವರು ಫೋನ್ ಮಾಡಿದರೆ ನೀವೇ ಮಾತಾಡಿ ಮುಗಿಸಿ.

ಆಮೇಲಿನ ದಿನಗಳು ಪರೀಕ್ಷೆಗಿಂತ ಕಷ್ಟ. ಕೀ ಉತ್ತರ ಹಿಡಿದು ಲೆಕ್ಕ ಹಾಕಿದರೆ ನನ್ನ ಅಂಕ ಮಾಕ್ ಟೆಸ್ಟ್‌ಗಿಂತ ಎಷ್ಟೋ ಕೆಳಗೆ ಇತ್ತು. ಹಿಂದಿನ ವರ್ಷದ ಕಟಾಫ್, ಅಂದರೆ ಸೀಟು ಸಿಕ್ಕ ಕೊನೆಯವರ ಅಂಕ, ನೋಡಿದರೆ ಸರ್ಕಾರಿ ಸೀಟಿನ ಹತ್ತಿರಕ್ಕೂ ಹೋಗುವಂತಿರಲಿಲ್ಲ. ನನ್ನ ಜೊತೆಗೆ ಓದಿದ ಗೆಳತಿಯೊಬ್ಬಳು ಊಟ ಬಿಟ್ಟು ಮಲಗಿಬಿಟ್ಟಿದ್ದಳು. ಜೂನ್ 14ಕ್ಕೆ ಫಲಿತಾಂಶ ಬಂತು. ಆಗ ಗೊತ್ತಾಯಿತು, ಇಡೀ ದೇಶದ ಅಂಕವೇ ಕೆಳಗೆ ಇಳಿದಿತ್ತು. 2024ರಲ್ಲಿ 720ಕ್ಕೆ 720 ತೆಗೆದವರೇ ಹಲವರಿದ್ದರು. 2025ರಲ್ಲಿ ದೇಶಕ್ಕೆ ಮೊದಲು ಬಂದವರ ಅಂಕ 686. ಅಂಕ ಇಳಿದರೂ ನಮ್ಮ ರ್‍ಯಾಂಕ್ ನಾವು ಹೆದರಿದಷ್ಟು ಕೆಟ್ಟಿರಲಿಲ್ಲ. ಹಳೇ ವರ್ಷದ ಕಟಾಫ್ ಹಿಡಿದುಕೊಂಡು ನಾವಿಬ್ಬರೂ ಸುಮ್ಮನೆ ಆ ದಿನಗಳನ್ನೆಲ್ಲ ನರಳಿದೆವು. ಫಲಿತಾಂಶ ಬರುವವರೆಗೆ ಯಾರ ಲೆಕ್ಕವನ್ನೂ ನಂಬಬೇಡಿ ಮಕ್ಕಳೇ, ನಿಮ್ಮ ಲೆಕ್ಕವನ್ನೂ.

ಇನ್ನೊಂದು ವಿಷಯ ಮನೆಯವರಿಗೆ ಗೊತ್ತಿರಬೇಕು. ಆ ವರ್ಷ ಪರೀಕ್ಷೆ ಬರೆದವರು 22 ಲಕ್ಷಕ್ಕೂ ಹೆಚ್ಚು, ಅರ್ಹತೆ ಪಡೆದವರು 12 ಲಕ್ಷಕ್ಕೂ ಹೆಚ್ಚು. ದೇಶದಲ್ಲಿ ಎಂಬಿಬಿಎಸ್ ಸೀಟುಗಳು ಒಂದು ಲಕ್ಷದ ಮೇಲೆ ಸ್ವಲ್ಪ, ಅದರಲ್ಲೂ ಸರ್ಕಾರಿ ಕಾಲೇಜಿನವು ಸರಿಸುಮಾರು ಅರ್ಧ. ಅರ್ಹತೆ ಬಂತು ಅಂದರೆ ಸೀಟು ಬಂತು ಅಂತಲ್ಲ. ಸೀಟು ಬರಲಿಲ್ಲ ಅಂದರೆ ಆ ಮಗು ಓದಲಿಲ್ಲ ಅಂತಲೂ ಅಲ್ಲ. ನನಗಿಂತ ಚೆನ್ನಾಗಿ ಪಾಠ ಹೇಳಿಕೊಡುತ್ತಿದ್ದ ಹುಡುಗ ಈಗ ಬಿಎಸ್ಸಿ ನರ್ಸಿಂಗ್ ಓದುತ್ತಿದ್ದಾನೆ. ಆಸ್ಪತ್ರೆಗೆ ಅವನೂ ಬೇಕು, ನಾನೂ ಬೇಕು.

ಕೊನೆಯದಾಗಿ ಕಾಗದಪತ್ರದ ಮಾತು. ನೀಟ್ ಬರೆದರಷ್ಟೇ ಸಾಲದು, ಕರ್ನಾಟಕದ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ, ಅಂದರೆ ಕೆಇಎಗೆ, ಬೇರೆಯಾಗಿ ಅರ್ಜಿ ಹಾಕಬೇಕು. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ 15 ಪರ್ಸೆಂಟ್ ಇದೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5 ಪರ್ಸೆಂಟ್ ಇದೆ. ಎಷ್ಟೋ ಮನೆಗಳಲ್ಲಿ ಇದು ಗೊತ್ತೇ ಇರುವುದಿಲ್ಲ. ಅದಕ್ಕೆ ಓದಿದ ಶಾಲೆಯ ಪ್ರಮಾಣಪತ್ರ ಬೇಕು, ಅದರ ಮೇಲೆ ಮುಖ್ಯ ಶಿಕ್ಷಕರ ಸಹಿ, ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ, ಮೇಲುಸಹಿ ಬೇಕು. ನಾನು ಎರಡು ಶಾಲೆ ಓದಿದ್ದರಿಂದ ಎರಡೂ ಕಡೆಯಿಂದ ತರಬೇಕಾಯಿತು. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗಬೇಕು, ಅದರ ಮೇಲಿರುವ ಆರ್‌ಡಿ ಅನ್ನುವ ನಂಬರ್ ಸರಿ ಇದೆಯಾ ನೋಡಿಕೊಳ್ಳಬೇಕು. ಇದನ್ನೆಲ್ಲ ಮಕ್ಕಳ ತಲೆಗೆ ಕಟ್ಟಬೇಡಿ. ಅವರು ಓದಿಕೊಳ್ಳುತ್ತಿರಲಿ, ಮನೆಯ ದೊಡ್ಡವರು ಯಾರಾದರೂ ಈ ತಿಂಗಳೇ ಓಡಾಡಿ ಮಾಡಿಸಿಡಿ.

ನಮಸ್ಕಾರ.