ಆ ಹುಡುಗನ ಸೋದರಮಾವ ಎಲ್ಲಿ?

ಕೇಳುಗರಿಗೆಲ್ಲ ನಮಸ್ಕಾರ. ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಾ ಕೇಳುತ್ತಿರುವ ಕರಾವಳಿಯ ತಾಯಂದಿರಿಗೆ ಇನ್ನೂ ಒಂದು ನಮಸ್ಕಾರ. ಇವತ್ತಿನ ಮಾತು ನಿಮಗೆ ಬೇಗ ಅರ್ಥವಾಗುತ್ತದೆ. ಕಾದಂಬರಿ ಬರೆಯುವ ಹುಡುಗರಿಗೆ ಸ್ವಲ್ಪ ತಡವಾಗಬಹುದು.

ಪಶ್ಚಿಮ ಆಫ್ರಿಕಾದ ಅಸಾಂತೆ ರಾಜ್ಯದ ಹಳೆಯ ಬದುಕನ್ನು ಕಥೆಯಾಗಿ ಬರೆಯುವುದು ಹೇಗೆ ಎಂದು ಹೇಳಲು ನನ್ನನ್ನು ಕರೆದಿದ್ದಾರೆ. ಅಸಾಂತೆಗೂ ನಮ್ಮ ಅಶಾಂತಿಗೂ ಸಂಬಂಧವಿಲ್ಲ. ಅದು ಇಂದಿನ ಘಾನಾ ದೇಶದ ಕಾಡುಸೀಮೆ, ರಾಜಧಾನಿ ಕುಮಾಸಿ. 1701ರಲ್ಲಿ ಒಸೆ ಟುಟು ಎಂಬ ಅರಸ ಫೆಯಿಯಾಸೆಯ ಕಾಳಗದಲ್ಲಿ ಡೆಂಕ್ಯಿರಾ ರಾಜ್ಯದವರನ್ನು ಸೋಲಿಸಿದ ಮೇಲೆ ಬಲಿತ ರಾಜ್ಯ. ಇಸವಿಗಳು ಇಷ್ಟು ಸಾಕು. ಮೂವತ್ತು ವರ್ಷ ಇತಿಹಾಸದ ಪಾಠ ಹೇಳಿದ ಮೇಲೆ ನನಗೆ ಇಸವಿಗಳ ಮೇಲಿನ ಮೋಹ ಬಿಟ್ಟುಹೋಗಿದೆ. ನಾನು ಹೇಳುವುದು ಒಂದೇ ಮಾತು: ಆ ಸೀಮೆಯ ಕಥೆ ಬರೆಯುವವರು ಸಿಂಹಾಸನವನ್ನು ಹುಡುಕುವ ಮೊದಲು ಸೋದರಮಾವನನ್ನು ಹುಡುಕಬೇಕು.

ಒಬ್ಬ ಉತ್ಸಾಹಿ ತರುಣ ನಾನೂರು ಪುಟದ ಹಸ್ತಪ್ರತಿಯನ್ನು ನನ್ನ ಕೈಗಿಟ್ಟ. ಕಥೆ ನಡೆಯುವುದು 1750ರ ಸುಮಾರಿಗೆ. ಅಸಾಂತೆಯ ಅರಸ ಸಾಯುತ್ತಾನೆ, ದುಷ್ಟ ಮಂತ್ರಿ ರಾಜಕುಮಾರ ಕೋಫಿಯನ್ನು ಕಾಡಿಗೆ ಅಟ್ಟುತ್ತಾನೆ, ಕೋಫಿ ಸೈನ್ಯ ಕಟ್ಟಿ ಮರಳಿ ಬಂದು ಅಪ್ಪನ ಚಿನ್ನದ ಪೀಠದ ಮೇಲೆ ಕುಳಿತುಕೊಳ್ಳುತ್ತಾನೆ. ಭಾಷೆ ಚೆನ್ನಾಗಿತ್ತು. ನನ್ನ ದೊಡ್ಡಮ್ಮನಿಗೆ ಕಣ್ಣು ಮಂಜು, ಕಥೆಯ ಆಸೆ ಮಾತ್ರ ಹಾಗೆಯೇ ಇದೆ. ಅವರಿಗೆ ದಿನಕ್ಕೊಂದು ಅಧ್ಯಾಯ ಓದಿ ಹೇಳಿದೆ. ಮೂರನೆಯ ದಿನ ಕೈ ಎತ್ತಿ ನಿಲ್ಲಿಸಿದರು. ಅವರು ಆಡಿದ್ದು ತುಳುವಿನಲ್ಲಿ, ಕನ್ನಡದಲ್ಲಿ ಹೇಳುವುದಾದರೆ ಹೀಗೆ: “ಅಲ್ಲ ಮಾರಾಯ, ಅಲ್ಲಿಯೂ ನಮ್ಮ ಹಾಗೆ ತಾಯಿಯ ಕಡೆಯಿಂದ ಎಂದೆಯಲ್ಲ? ಹಾಗಿದ್ದರೆ ಈ ಹುಡುಗ ಅಪ್ಪನ ಪೀಠಕ್ಕಾಗಿ ಯಾಕೆ ಅಳುತ್ತಾನೆ? ಇವನ ಸೋದರಮಾವ ಎಲ್ಲಿ ಸತ್ತ?”

ನಾನೂರು ಪುಟ ಒಂದೇ ಪ್ರಶ್ನೆಗೆ ಮಗುಚಿ ಬಿತ್ತು.

ಅಸಾಂತೆಯವರಲ್ಲಿ ರಕ್ತ ಬರುವುದು ತಾಯಿಯಿಂದ. ಆ ತಾಯಿಬಳಿಗೆ ‘ಅಬುಸುವಾ’ ಎನ್ನುತ್ತಾರೆ. ಅರಸ ಸತ್ತರೆ ಅವನ ಮಗನಿಗೆ ಪಟ್ಟವಿಲ್ಲ. ಒಡಹುಟ್ಟಿದ ತಮ್ಮನಿಗೆ, ಇಲ್ಲವೇ ಸಹೋದರಿಯ ಮಗನಿಗೆ. ಹೆಸರು ಸೂಚಿಸುವವಳು ‘ಒಹೆಮಾ’ ಎಂಬ ರಾಜಮಾತೆ. ಐತಿಹ್ಯದ ಅರಸ ಭೂತಾಳ ಪಾಂಡ್ಯನ ಕಟ್ಟು ಎಂದು, ಮಾವನ ಆಸ್ತಿ ಸೋದರಳಿಯನಿಗೆ ಹೋಗುವ ಅಳಿಯಸಂತಾನವನ್ನು ಪಾಲಿಸಿಕೊಂಡು ಬಂದ ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಘಟ್ಟದ ಮೇಲಿನ ಕೇಳುಗರು ಮಾತ್ರ ಒಮ್ಮೆ ಮನಸ್ಸಿನಲ್ಲಿ ಕುಟುಂಬದ ನಕ್ಷೆ ಬರೆದುಕೊಳ್ಳಿ.

ದೊಡ್ಡಮ್ಮ ಅಲ್ಲಿಗೇ ಬಿಡಲಿಲ್ಲ. “ಹಾಗಾದರೆ ಅಪ್ಪ ಏನು ಕೊಡುತ್ತಾನೆ?” ಹೆಸರು ಕೊಡುತ್ತಾನೆ ಎಂದೆ. ಹುಟ್ಟಿದ ವಾರದಿಂದಲೇ ಮಗುವಿಗೆ ಒಂದು ಹೆಸರು ಬಂದಿರುತ್ತದೆ. ಶುಕ್ರವಾರ ಹುಟ್ಟಿದ ಗಂಡು ಕೋಫಿ. ವಿಶ್ವಸಂಸ್ಥೆಯ ಕೋಫಿ ಅನ್ನಾನ್ ಹುಟ್ಟಿದ್ದು ಶುಕ್ರವಾರವೇ. ಶನಿವಾರದವನು ಕ್ವಾಮೆ, ಗುರುವಾರದ ಹೆಣ್ಣು ಯಾ. ಅದರ ಜೊತೆಗೆ ಎಂಟನೆಯ ದಿನ ಅಪ್ಪ ತಾನು ಆರಿಸಿದ ಹೆಸರನ್ನು ಇಡುತ್ತಾನೆ. ಮಗುವಿನ ಚೇತನ, ಅವರ ಮಾತಿನಲ್ಲಿ ‘ನ್ಟೋರೊ’, ಅಪ್ಪನಿಂದ ಬಂದದ್ದೆಂದು ನಂಬಿಕೆ. “ಹೆಸರು ಉಂಡರೆ ಹೊಟ್ಟೆ ತುಂಬುತ್ತದೆಯೇ?” ಎಂದರು.

ಆಗ ಊಟದ ಸಂಗತಿ ಹೇಳಿದೆ. ಅಲ್ಲಿ ಆ ಕಾಲದಲ್ಲಿ ಗಂಡ ತನ್ನ ತಾಯಿಮನೆಯಲ್ಲಿ, ಹೆಂಡತಿ ಅವಳ ತಾಯಿಮನೆಯಲ್ಲಿ ಇರುವುದು ಸಾಮಾನ್ಯ. ಹೆಂಡತಿ ಬೇಯಿಸುತ್ತಾಳೆ, ಮುಸ್ಸಂಜೆಗೆ ಮಕ್ಕಳು ಅಡುಗೆಯ ಪಾತ್ರೆಯನ್ನು ತಲೆಯ ಮೇಲೆ ಹೊತ್ತು ಅಪ್ಪನ ಮನೆಗೆ ಒಯ್ಯುತ್ತಾರೆ. ಓಣಿಯ ತುಂಬ ಪಾತ್ರೆ ಹೊತ್ತ ಮಕ್ಕಳು.

ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಆ ಪಾತ್ರೆ ಹೊತ್ತ ಹುಡುಗನನ್ನು ಹಿಡಿಯಲು ಹೇಳು ಅವನಿಗೆ” ಎಂದರು.

ನೋಡಿ, ಎಂಟು ವರ್ಷದ ಹುಡುಗ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಪಾತ್ರೆ. ಒಳಗೆ ಯಾಮ್ ಗಡ್ಡೆಯನ್ನು ಬೇಯಿಸಿ ಒರಳಿನಲ್ಲಿ ಕುಟ್ಟಿ ಮಾಡಿದ ಫುಫು ಮುದ್ದೆ, ಎಣ್ಣೆತಾಳೆಯ ಹಣ್ಣಿನ ಕೆಂಪು ಸಾರು. ಸಾರು ತುಳುಕಬಾರದು. ಅಪ್ಪ ಉಂಡು ಮಗನಿಗೂ ಒಂದು ತುತ್ತು ಉಳಿಸುತ್ತಾನೆ. ಆದರೆ ಆ ಮನೆ ಹುಡುಗನದ್ದಾಗುವುದಿಲ್ಲ. ಅದೇ ಅಂಗಳದಲ್ಲಿ ಆಡುತ್ತಿರುವ ಇನ್ನೊಬ್ಬ ಹುಡುಗ, ಅತ್ತೆಯ ಮಗ, ನಾಳೆ ಅದರ ಯಜಮಾನ. ಅಪ್ಪನಿಗೆ ಅದು ಗೊತ್ತು, ಮಗನಿಗೂ ಗೊತ್ತು. ಕತ್ತಿ ಬೇಕೆ ಕಥೆಗೆ? ದುಷ್ಟ ಮಂತ್ರಿ ಬೇಕೆ?

ನನಗೆ ಕೊಟ್ಟ ಸಮಯದಲ್ಲಿ ಮುಕ್ಕಾಲು ಪಾಲನ್ನು ದೊಡ್ಡಮ್ಮನೇ ತೆಗೆದುಕೊಂಡರು. ಉಳಿದದ್ದನ್ನು ಓಡುತ್ತಾ ಹೇಳುತ್ತೇನೆ.

ಆ ಚಿನ್ನದ ಪೀಠ, ‘ಸಿಕಾ ದ್ವಾ ಕೋಫಿ’, ಕೂರುವುದಕ್ಕಲ್ಲ. ಅದು ಇಡೀ ಜನದ ಜೀವ. ಅರಸನೂ ಅದರ ಮೇಲೆ ಕೂರುವುದಿಲ್ಲ. 1900ರಲ್ಲಿ ಹಾಡ್ಜ್‌ಸನ್ ಎಂಬ ಬ್ರಿಟಿಷ್ ಗವರ್ನರ್ ನನಗೆ ಕೂರಲು ಅದನ್ನು ತನ್ನಿ ಎಂದದ್ದಕ್ಕೆ ಯುದ್ಧವೇ ಆಯಿತು. ಮುಂದೆ ನಿಂತವಳು ಎಜಿಸುವಿನ ರಾಜಮಾತೆ ಯಾ ಅಸಂತೆವಾ. ನಮ್ಮ ತರುಣ ತನ್ನ ನಾಯಕನನ್ನು ಆರಾಮವಾಗಿ ಅದರ ಮೇಲೆ ಕೂರಿಸಿದ್ದ!

ನಾಯಕ ನಾಯಕಿಯನ್ನು ಕಂಡದ್ದು ಕೋಕೋ ಮರದ ಕೆಳಗಂತೆ. ಟೆಟೆ ಕ್ವಾರ್ಷಿ ಎಂಬಾತ ಫರ್ನಾಂಡೊ ಪೋ ದ್ವೀಪದಿಂದ ಕೋಕೋ ಬೀಜ ತಂದು ನೆಟ್ಟು ಹೆಸರಾದದ್ದು 1879ರಲ್ಲಿ. 1750ಕ್ಕೆ ಕೋಕೋ ತೋಟ ಎಂದರೆ ಹೊಯ್ಸಳರ ವಿಷ್ಣುವರ್ಧನನಿಗೆ ಫಿಲ್ಟರ್ ಕಾಫಿ ಕೊಟ್ಟಂತೆ. ಕೋಲಾ ಮರ ಇತ್ತಲ್ಲ, ಅದನ್ನು ಬಳಸಬಹುದಿತ್ತು.

ಚಿನ್ನದ ಪುಡಿಯೇ ಅವರ ಹಣ. ಅದನ್ನು ತೂಗಲು ಹಿತ್ತಾಳೆಯ ಪುಟ್ಟ ತೂಕದ ಬಟ್ಟುಗಳು, ಹಕ್ಕಿ, ಮೀನು, ಮೊಸಳೆಯ ಆಕಾರದವು. ಅವರಲ್ಲಿ ಪ್ರಸಿದ್ಧವಾದ ಒಂದು ಚಿತ್ರದಲ್ಲಿ ಎರಡು ಮೊಸಳೆಗಳಿಗೆ ಒಂದೇ ಹೊಟ್ಟೆ. ಹೊಟ್ಟೆ ಒಂದೇ ಆದರೂ ತುತ್ತಿಗೆ ಜಗಳ. ಕೂಡುಕುಟುಂಬದಲ್ಲಿ ಬೆಳೆದವರು ಈಗ ನಗುತ್ತಿದ್ದೀರಿ ಎಂದು ನನಗೆ ಗೊತ್ತು.

ತರುಣ ಕಾದಂಬರಿಯನ್ನು ತಿದ್ದಿ ಬರೆಯುತ್ತಿದ್ದಾನೆ. ಮೊನ್ನೆ ಫೋನ್ ಮಾಡಿದ್ದ. ದೊಡ್ಡಮ್ಮ ಪಕ್ಕದಲ್ಲೇ ಇದ್ದರು. “ಸೋದರಮಾವ ಬಂದನಂತೆಯೋ?” ಎಂದು ಕೇಳಿದರು. ಎರಡನೆಯ ಅಧ್ಯಾಯದಲ್ಲಿ ಬಂದಿದ್ದಾನಂತೆ ಎಂದೆ.

“ತಡವಾಯಿತು” ಎಂದರು.

ನಮಸ್ಕಾರ.