ಕಲಿತ ಭಾಷೆ ಐವತ್ತು ವರ್ಷ ಉಳಿಯುವುದು ಹೇಗೆ?

ಅಧ್ಯಕ್ಷರೇ, ಭಾಷೆ ಕಲಿಸುವ ಗೆಳೆಯರೇ, ನಮಸ್ಕಾರ.

ಎಬಿಂಗ್‌ಹೌಸ್ ಅನ್ನುವ ಜರ್ಮನ್ ಮನೋವಿಜ್ಞಾನಿ, ಕಲಿತದ್ದು ದಿನ ಕಳೆದಂತೆ ಹೇಗೆ ಮರೆತುಹೋಗುತ್ತದೆ ಅಂತ ತೋರಿಸುವ ಅವರ ಮರೆವಿನ ಗೆರೆ, ಎರಡೂ ನಿಮಗೆಲ್ಲ ಗೊತ್ತೇ ಇವೆ. 1885ರ ಆ ಕಥೆ ಬಿಟ್ಟು ನೇರವಾಗಿ ಹ್ಯಾರಿ ಬಾರಿಕ್ ಅವರ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಓಹಾಯೋ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿದ್ದ ಮನೋವಿಜ್ಞಾನಿ ಇವರು. ಶಾಲೆಯಲ್ಲಿ ಕಲಿತ ಸ್ಪ್ಯಾನಿಷ್ ಐವತ್ತು ವರ್ಷದ ಮೇಲೆ ಎಷ್ಟು ಉಳಿದಿರುತ್ತದೆ ಅಂತ ನೋಡಲು 733 ಜನರನ್ನು ಪರೀಕ್ಷಿಸಿದರು. ಫಲಿತಾಂಶ ಬಂದದ್ದು 1984ರಲ್ಲಿ. ಮೊದಲ ಮೂರರಿಂದ ಆರು ವರ್ಷದಲ್ಲಿ ಬೇಗಬೇಗ ಮರೆಯುತ್ತದೆ. ಆಮೇಲೆ ಉಳಿದದ್ದು ಮೂವತ್ತು ವರ್ಷದವರೆಗೂ ಹೆಚ್ಚುಕಡಿಮೆ ಹಾಗೇ ಇರುತ್ತದೆ! ಅವರಲ್ಲಿ ಹೆಚ್ಚಿನವರು ಆ ಭಾಷೆಯನ್ನು ಮತ್ತೆ ಬಳಸಿದ್ದು ತೀರಾ ಕಡಿಮೆ. ಎಷ್ಟು ಉಳಿಯುತ್ತದೆ ಅನ್ನುವುದು ಮೊದಲು ಎಷ್ಟು ಗಟ್ಟಿಯಾಗಿ ಕಲಿತಿದ್ದರು ಅನ್ನುವುದರ ಮೇಲೆ ನಿಂತಿತ್ತು.

ಹಾಗಾದರೆ ಗಟ್ಟಿಯಾಗಿ ಕಲಿಯುವುದು ಹೇಗೆ? ಬಾರಿಕ್ ಅವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಇದಕ್ಕೆ ಸ್ವಲ್ಪ ಜಾಸ್ತಿ ಸಮಯ ತೆಗೆದುಕೊಳ್ಳುತ್ತೇನೆ.

ಪ್ರಯೋಗಕ್ಕೆ ಕೂತವರು ನಾಲ್ಕೇ ಜನ: ಬಾರಿಕ್, ಅವರ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಒಬ್ಬೊಬ್ಬರಿಗೂ ಪರಭಾಷೆಯ 300 ಪದ. ಕೆಲವು ಪದಗಳನ್ನು 14 ದಿನಕ್ಕೊಮ್ಮೆ, ಕೆಲವನ್ನು 28 ದಿನಕ್ಕೊಮ್ಮೆ, ಕೆಲವನ್ನು 56 ದಿನಕ್ಕೊಮ್ಮೆ ಮತ್ತೆ ಕಲಿಯಬೇಕು. ಕೆಲವು ಪದಕ್ಕೆ 13 ಸುತ್ತು, ಕೆಲವಕ್ಕೆ 26. ಲೆಕ್ಕ ಹಾಕಿ ನೋಡಿ, 56 ದಿನದ ಅಂತರದಲ್ಲಿ 26 ಸುತ್ತು ಅಂದರೆ ನಾಲ್ಕು ವರ್ಷ! ಅದಾದ ಮೇಲೂ ಐದು ವರ್ಷದವರೆಗೆ ಪರೀಕ್ಷೆ. ಒಂದು ಮನೆಯವರೆಲ್ಲ ಸೇರಿ ಇಷ್ಟು ವರ್ಷ ಪದಪಟ್ಟಿ ಬಿಡದೆ ಹಿಡಿದುಕೊಂಡಿದ್ದರು ಅಂದರೆ, ಆ ಶ್ರದ್ಧೆಗೆ ಕೈಮುಗಿಯಬೇಕು ಅನ್ನಿಸುತ್ತದೆ.

1993ರಲ್ಲಿ ಪ್ರಕಟವಾದ ಉತ್ತರ ಇದು: 56 ದಿನಕ್ಕೊಮ್ಮೆ 13 ಸಲ ಕಲಿತದ್ದೂ 14 ದಿನಕ್ಕೊಮ್ಮೆ 26 ಸಲ ಕಲಿತದ್ದೂ ಹೆಚ್ಚುಕಡಿಮೆ ಒಂದೇ ಸಮ ಉಳಿದವು. ಅರ್ಧ ಶ್ರಮ, ಅಷ್ಟೇ ಫಲ. ಅದಕ್ಕೇ ಹೇಳುವುದು, ಎರಡು ಸುತ್ತಿನ ನಡುವೆ ಅಂತರ ಬಿಡಿ. ಆದರೆ ಒಂದು ತೊಡಕಿದೆ. ಅಂತರ ಹೆಚ್ಚಾದಾಗ ಕಲಿಕೆ ಸ್ವಲ್ಪ ನಿಧಾನವಾಗುತ್ತದೆ, ಹಿಂದಿನ ಸಲ ಬಂದ ಪದ ಈ ಸಲ ಬಾಯಿಗೆ ಬರುವುದಿಲ್ಲ. ತರಗತಿಯಲ್ಲಿ ನಾವು ಗಾಬರಿಯಾಗುವುದು ಇಲ್ಲೇ ಅಲ್ವಾ? ಮಗು ಮರೆತುಬಿಟ್ಟಿತು, ನಾಳೆಯೇ ಮತ್ತೆ ಓದಿಸೋಣ ಅಂತ ಓಡುತ್ತೇವೆ. ದಯವಿಟ್ಟು ಓಡಬೇಡಿ. ತಡವರಿಸಿ ನೆನಪು ಮಾಡಿಕೊಳ್ಳುವ ಆ ಹೊತ್ತಿನಲ್ಲೇ ಕಲಿಕೆ ನಡೆಯುತ್ತಿರುತ್ತದೆ.

ಚೀಟಿ ಬಂತು, ಐದು ನಿಮಿಷ ಇದೆಯಂತೆ. ಎರಡನೇ ವಿಷಯ ಬೇಗ ಹೇಳುತ್ತೇನೆ. 2008ರಲ್ಲಿ ಕಾರ್ಪಿಕಿ ಮತ್ತು ರೋಡಿಗರ್ ಅನ್ನುವ ಅಮೆರಿಕದ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ 40 ಸ್ವಾಹಿಲಿ ಪದ ಕಲಿಸಿದರು. ಒಮ್ಮೆ ಸರಿ ಹೇಳಿದ ಪದಕ್ಕೂ ಮತ್ತೆ ಮತ್ತೆ ಪರೀಕ್ಷೆ ಕೊಟ್ಟವರು ವಾರದ ನಂತರ ಸುಮಾರು ಶೇ. 80 ನೆನಪಿಟ್ಟಿದ್ದರು. ಸರಿ ಹೇಳಿದ ಪದಕ್ಕೆ ಮತ್ತೆ ಪರೀಕ್ಷೆ ಇಲ್ಲದೆ ಸುಮ್ನೆ ಓದಿಕೊಂಡವರಲ್ಲಿ ಉಳಿದದ್ದು ಶೇ. 35ರ ಆಸುಪಾಸು. ವಿಚಿತ್ರ ಅಂದರೆ, ಎಷ್ಟು ನೆನಪಿರಬಹುದು ಅಂತ ಮೊದಲೇ ಕೇಳಿದಾಗ ಎಲ್ಲ ಗುಂಪಿನವರೂ ಅರ್ಧದಷ್ಟು ಅಂದಿದ್ದರು. ತಮ್ಮ ಕಲಿಕೆ ತಮಗೇ ಕಾಣುವುದಿಲ್ಲ. ಆದ್ದರಿಂದ ಅಂತರ ಬಿಡಿ, ಬಿಟ್ಟ ಮೇಲೆ ಪುಸ್ತಕ ತೆರೆಸುವ ಮೊದಲು ಕೇಳಿ.

ವ್ಯಾಕರಣ, ಉಚ್ಚಾರಣೆ, ವಯಸ್ಸು, ಇವು ಇವತ್ತು ಆಗುವುದಿಲ್ಲ. ಪ್ರಶ್ನೆಗಳಿದ್ದರೆ ಆಮೇಲೆ ಮಾತಾಡೋಣ. ಮುಂದಿನ ವರ್ಷದ ಪಾಠಯೋಜನೆ ಬರೆಯುವಾಗ ಮೊದಲ ತಿಂಗಳ ಪದಗಳನ್ನು ಮೂರನೇ ತಿಂಗಳ ಪುಟದಲ್ಲೂ ಐದನೇ ತಿಂಗಳ ಪುಟದಲ್ಲೂ ಬರೆದಿಟ್ಟುಕೊಳ್ಳಿ.